ಬಾಟಲಿಯಲ್ಲಿ ಅಲೆ ಇರಲಿಲ್ಲ

1/8

ಪಿನ್ ಮಾಡಿದ್ದ ಆ ರೀಲ್ ಎಲ್ಲಿ ಹೋಯ್ತು ಅಂತ ನಿನ್ನೆಯಿಂದ ತುಂಬ ಜನ ಕೇಳ್ತಿದ್ದೀರಿ. ನಾನೇ ಡಿಲೀಟ್ ಮಾಡಿದೆ. ಯಾಕೆ ಅಂತ ಹೇಳೋಕೆ ಈ ಸರಣಿ. ಒಟ್ಟು ಎಂಟು ಭಾಗ. ಉದ್ದ ಆಯ್ತು ಅನ್ನಿಸಿದ್ರೆ ಸೇವ್ ಮಾಡ್ಕೊಂಡು ಮೆಟ್ರೋದಲ್ಲಿ ಓದಿ, ಆದ್ರೆ ಓದಿ.

ನೋಡದೇ ಇದ್ದೋರಿಗೆ: ನೀಲಿ ಟಬ್, ಅದರಲ್ಲಿ ಒದ್ದೆ ಮರಳು, ಮರಳಿನ ಮೇಲೆ ಮೊಟ್ಟೆ ಆಕಾರದ, ಬೂದು ಬಣ್ಣದ ಒಂದು ಪುಟ್ಟ ಪ್ರಾಣಿ. ಮಗ್ಗಿಂದ ನೀರು ಹುಯ್ದ ತಕ್ಷಣ ಅದು ಹಿಮ್ಮುಖವಾಗಿ ಸರೀತಾ ಅರ್ಧ ಮರಳೊಳಗೆ ಇಳಿಯುತ್ತೆ. ಮೇಲೆ ನಾನು ಬರೆದಿದ್ದು, "ಗೋಕರ್ಣದ ಗೆಸ್ಟ್, ಹಲಸೂರಲ್ಲಿ!" ನನ್ನ ಅಕೌಂಟಲ್ಲಿ ಅದರಷ್ಟು ಓಡಿದ್ದು ಬೇರೆ ಯಾವುದೂ ಇಲ್ಲ. ಕ್ಲಾಸಲ್ಲಿ ಒಂದು ವಾರ ನನ್ನ ಹೆಸರೇ "ಏಡಿ" ಆಗೋಗಿತ್ತು.

ಕಾಮೆಂಟಲ್ಲಿ ಒಬ್ಬರು ಕೇಳಿದ್ರು: "ಈಗ ಅದು ಎಲ್ಲಿದೆ?"

ನಾನು ಬರೆದೆ: "ವಾಪಸ್ ಸಮುದ್ರಕ್ಕೆ ಬಿಟ್ಟಾಯ್ತು." ಪಕ್ಕದಲ್ಲಿ ಒಂದು ಕೆಂಪು ಹಾರ್ಟ್.

ಅದು ಸುಳ್ಳು. ಹಲಸೂರಿಂದ ಪೂರ್ವಕ್ಕೆ ಹೋಗಿ, ಪಶ್ಚಿಮಕ್ಕೆ ಹೋಗಿ, ರಸ್ತೆಯಲ್ಲಿ ಸಮುದ್ರ ಮುನ್ನೂರು ಕಿಲೋಮೀಟರಿಗಿಂತ ದೂರ. ಇದು ನಿಮಗೆಲ್ಲ ಗೊತ್ತು. ಆದ್ರೂ ಯಾರೂ ಮತ್ತೆ ಕೇಳಲಿಲ್ಲ, ನನಗೂ ಅದೇ ಬೇಕಾಗಿತ್ತು.

ಮೊನ್ನೆ ಒಬ್ಬಳು ಜೂನಿಯರ್ ಡಿಎಂ ಮಾಡಿದಳು: "ಅಕ್ಕಾ, ಮುಂದಿನ ವಾರ ನಮ್ಮ ಕ್ಲಾಸ್ ಗೋಕರ್ಣಕ್ಕೆ ಹೋಗ್ತಿದೆ. ನಾವೂ ಆ ಏಡಿ ತರ್ತೀವಿ. ಯಾವ ಸೈಜ್ ಬಾಟಲಿ ತಗೊಂಡ್ ಹೋಗಬೇಕು?"

ಈ ಪ್ರಶ್ನೆಗೆ ಸುಳ್ಳು ಉತ್ತರ ಕೊಡೋಕೆ ಆಗಲಿಲ್ಲ.

2/8

ಮೊದಲು ಆ ಪ್ರಾಣಿ ಯಾವುದು ಅಂತ ಹೇಳ್ತೀನಿ.

ಅವತ್ತು ಗೋಕರ್ಣದ ಮುಖ್ಯ ಬೀಚಲ್ಲಿ ಸಂಜೆ. ಎಲ್ಲರೂ ಸೂರ್ಯಾಸ್ತದ ಫೋಟೊ ಹೊಡೀತಿದ್ರು. ನಾನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಅಲೆ ಬಂದು ಹೋಗೋ ಜಾಗದಲ್ಲಿ ನಿಂತಿದ್ದೆ. ಅಲೆ ಹಿಂದಕ್ಕೆ ಹೋಗುವಾಗ ಪಾದದ ಕೆಳಗಿನ ಮರಳು ಜಾರುತ್ತಲ್ಲ, ಆಗ ಮರಳಿನ ಜೊತೆ ಏನೋ ಗಟ್ಟಿಯಾದ್ದು ಬೆರಳಿಗೆ ತಾಗಿತು. ಕಲ್ಲು ಅಂದ್ಕೊಂಡೆ. ಕಲ್ಲು ಓಡ್ತು.

ಬೊಗಸೆಯಲ್ಲಿ ಮರಳು ಎತ್ತಿದೆ. ಅಂಗೈಯಲ್ಲಿ ಕಚಗುಳಿ. ಅದು ಕಚ್ಚಲ್ಲ, ಚುಚ್ಚಲ್ಲ, ಬರೀ ಬೆರಳ ಸಂದಿಯಲ್ಲಿ ತೂರಿಕೊಳ್ಳೋಕೆ ನೋಡುತ್ತೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡದು. ಬೆನ್ನು ನುಣ್ಣಗೆ, ಒದ್ದೆ ಮರಳಿನದೇ ಬಣ್ಣ. ಏಡಿಗೆ ಇರಬೇಕಾದ ಕೊಂಡಿಗಳೇ ಇಲ್ಲ.

ಇಂಗ್ಲಿಷಲ್ಲಿ ಇದನ್ನ ಮೋಲ್ ಕ್ರ್ಯಾಬ್ ಅಂತಾರೆ. ಮೋಲ್ ಅಂದ್ರೆ ಮಣ್ಣು ಕೊರೆದು ನೆಲದೊಳಗೇ ಬದುಕೋ ಒಂದು ಪುಟ್ಟ ಪ್ರಾಣಿ. ನಾನು ಇಲ್ಲಿ ಮರಳೇಡಿ ಅಂತ ಕರೀತೀನಿ. ವಿಜ್ಞಾನದಲ್ಲಿ ಇದರ ಕುಲದ ಹೆಸರು ಎಮೆರಿಟಾ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಾಣೋ ಒಂದು ಜಾತಿಯನ್ನು 1965ರಲ್ಲಿ ಕೆ. ಎನ್. ಸಂಕೊಳ್ಳಿ ಅನ್ನೋ ವಿಜ್ಞಾನಿ ಹೊಸದು ಅಂತ ಗುರುತಿಸಿ ವಿವರಿಸಿದರು. ಅದರ ಹೆಸರು ಎಮೆರಿಟಾ ಹೋಲ್ಥುಯಿಸಿ. ಏಡಿ, ಸಿಗಡಿಗಳ ಮೇಲೆ ಜೀವನಪೂರ್ತಿ ಕೆಲಸ ಮಾಡಿದ ಡಚ್ ವಿಜ್ಞಾನಿ ಹೋಲ್ಥುಯಿಸ್ ಅವರ ಗೌರವಕ್ಕೆ ಇಟ್ಟ ಹೆಸರು.

ಏಡಿ ಅಂತ ಕರೆದ್ರೂ ಇದು ನಾವು ತಿನ್ನೋ ಏಡಿಯ ಗುಂಪಿಗೆ ಸೇರಿದ್ದಲ್ಲ. ಖಾಲಿ ಶಂಖದೊಳಗೆ ಮನೆ ಮಾಡ್ಕೊಂಡು ಓಡಾಡುತ್ತಲ್ಲ ಒಂದು ಏಡಿ, ಅದಕ್ಕೆ ಇದು ಹತ್ತಿರದ ಸಂಬಂಧಿ.

3/8

ಇದು ಊಟ ಮಾಡೋ ರೀತಿ ನೋಡಿದ್ರೆ ನೀವೂ ಅಲ್ಲೇ ಕೂತುಬಿಡ್ತೀರ.

ಅಲೆ ದಡಕ್ಕೆ ಬರುತ್ತೆ, ಮರಳು ಸಡಿಲ ಆಗುತ್ತೆ. ಮರಳೇಡಿ ಹಿಂಭಾಗದಿಂದ ಅಗೆದುಕೊಂಡು ಒಳಗೆ ಇಳಿಯುತ್ತೆ. ಅದಕ್ಕೆ ಎರಡು ಸೆಕೆಂಡ್ ಸಾಕು. ನಡೆಯೋದು, ಈಜೋದು, ಅಗೆಯೋದು ಎಲ್ಲಾ ಹಿಮ್ಮುಖವಾಗಿಯೇ. ಒಳಗೆ ಕೂತ ಮೇಲೆ ಮುಖ ಸಮುದ್ರದ ಕಡೆಗೆ. ಕಡ್ಡಿಯಂಥ ಕಾಂಡಗಳ ಮೇಲಿರೋ ಎರಡು ಚುಕ್ಕಿ ಕಣ್ಣು, ಮತ್ತೆ ಒಂದು ಜೊತೆ ಸಣ್ಣ ಮೀಸೆ ಮಾತ್ರ ಮರಳಿಂದ ಹೊರಗೆ. ಆ ಸಣ್ಣ ಮೀಸೆಗಳು ಎರಡೂ ಸೇರಿ ಒಂದು ಕೊಳವೆ ಥರ ಆಗುತ್ತವೆ. ಮರಳೊಳಗೆ ಹೂತಿದ್ದರೂ ಕಿವಿರಿಗೆ ನೀರು ಹೋಗೋದು ಅದರ ಮೂಲಕ.

ಅಲೆ ದಡ ಮುಟ್ಟಿ ವಾಪಸ್ ಹೋಗೋಕೆ ಶುರುವಾಗುತ್ತಲ್ಲ, ಆಗ ಇನ್ನೊಂದು ಜೊತೆ ಮೀಸೆ ಬಿಚ್ಚಿಕೊಳ್ಳುತ್ತೆ. ಇವು ಉದ್ದ, ಹಕ್ಕಿಯ ಗರಿ ಥರ ಕವಲು ಕವಲಾಗಿವೆ. ಹಿಂದಕ್ಕೆ ಓಡೋ ನೀರಿಗೆ ಅಡ್ಡವಾಗಿ ಬಲೆ ಹಾಕಿದ ಹಾಗೆ ಹಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನ, ತೇಲಿ ಬಂದ ಕಣಗಳನ್ನ ಸೋಸುತ್ತೆ. ಆಮೇಲೆ ಆ ಮೀಸೆಯನ್ನ ಒಳಗೆ ಎಳ್ಕೊಂಡು ಬಾಯಿಯ ಹತ್ತಿರ ಒರೆಸಿ ತಿನ್ನುತ್ತೆ, ನಾವು ಬೆರಳಿಗೆ ಅಂಟಿದ ಚಟ್ನಿ ನೆಕ್ಕೋ ಹಾಗೆ. ಇಷ್ಟು ಮುಗಿಯೋ ಹೊತ್ತಿಗೆ ಮುಂದಿನ ಅಲೆ ಬಂದಿರುತ್ತೆ.

ಉಬ್ಬರ ಬಂದರೆ ಅಲೆಯ ಗೆರೆ ಮೇಲಕ್ಕೆ ಸರಿಯುತ್ತೆ. ಮರಳೇಡಿಗಳೂ ಗುಂಪಾಗಿ ಮರಳಿಂದ ಎದ್ದು, ಅಲೆಯ ಜೊತೆ ಉರುಳಿ, ಮೇಲೆ ಹೋಗಿ ಮತ್ತೆ ಹೂತುಕೊಳ್ಳುತ್ತವೆ. ಇಳಿತ ಬಂದಾಗ ಕೆಳಗೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಂದ್ರೆ ಇದರ ವಿಳಾಸ ಗೋಕರ್ಣದ ಬೀಚಲ್ಲ, ಅಲೆ ತಿರುಗೋ ಗೆರೆ. ಆ ಗೆರೆ ಎಲ್ಲಿ ಹೋದ್ರೆ ಅಲ್ಲಿ ಇದರ ಮನೆ.

ಇದನ್ನೆಲ್ಲ ನಾನು ಓದಿಕೊಂಡಿದ್ದು ಆಮೇಲೆ. ಅವತ್ತು ನನಗೆ ಗೊತ್ತಿದ್ದಿದ್ದು ಒಂದೇ: ಕ್ಯೂಟಾಗಿದೆ, ರೀಲ್ ಮಾಡಬಹುದು.

4/8

ಬೆಳಕು ಹೋಗ್ತಿತ್ತು. ವಿಡಿಯೊ ಸರಿಯಾಗಿ ಬರಲಿಲ್ಲ. ಕ್ಯಾಮೆರಾ ಫೋಕಸ್ ಆಗೋ ಮುಂಚೆ ಅದು ಮರಳೊಳಗೆ. ರಾತ್ರಿ ಎಂಟಕ್ಕೆ ಬಸ್ಸು. ಆಗ ತಲೆಗೆ ಬಂದಿದ್ದು ಬಾಟಲಿ ಐಡಿಯಾ: ಒಂದು ಲೀಟರಿನ ನೀರಿನ ಬಾಟಲಿ, ಅರ್ಧ ಮರಳು, ಮೇಲೆ ಸಮುದ್ರದ ನೀರು, ಒಂಬತ್ತು ಮರಳೇಡಿ. ಮನೆಗೆ ತಗೊಂಡ್ ಹೋಗಿ ನೆಮ್ಮದಿಯಾಗಿ ಶೂಟ್ ಮಾಡೋದು.

ಪಕ್ಕದಲ್ಲಿ ಬಲೆ ಸರಿ ಮಾಡ್ತಾ ಕೂತಿದ್ದ ಒಬ್ಬ ಅಜ್ಜ ನೋಡ್ತಾ ಇದ್ರು. "ಎಂಥಕ್ಕೆ ತಂಗೀ, ಗಾಳಕ್ಕೆ ಹಾಕ್ತ್ಯಾ?" ಅಂದ್ರು. ಮೀನು ಹಿಡಿಯೋರು ಇದನ್ನ ಗಾಳಕ್ಕೆ ಸಿಕ್ಕಿಸೋದುಂಟಂತೆ. ಇಲ್ಲ ಅಜ್ಜಾ, ಬೆಂಗಳೂರಿಗೆ ಅಂದೆ. ಅವರು ನಗಲಿಲ್ಲ. "ತೆರೆ ಬಿಟ್ಟು ಅದು ಬದ್ಕೂದಿಲ್ಲ" ಅಂದು ಮತ್ತೆ ಬಲೆ ಕಡೆ ತಿರುಗಿದ್ರು.

ಸರಣಿಯಲ್ಲಿ ನಾನು ಬಿಟ್ಟುಬಿಡೋಣ ಅಂದ್ಕೊಂಡಿದ್ದ ಭಾಗ ಇದೇ. ಗೊತ್ತಿರಲಿಲ್ಲ ಅಂತ ಬರೆಯೋದು ಸುಲಭ ಇತ್ತು. ಆದ್ರೆ ನನಗೆ ಒಬ್ಬರು ಹೇಳಿದ್ರು. ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡೂ ಮುಚ್ಚಳ ಬಿಗಿ ಮಾಡಿದೆ.

ಯಾಕೆ ನಂಬಲಿಲ್ಲ ಅಂದ್ರೆ ಶಿವಾಜಿನಗರ. ಚಿಕ್ಕಂದಿನಿಂದ ಭಾನುವಾರ ಅಮ್ಮನ ಜೊತೆ ರಸೆಲ್ ಮಾರ್ಕೆಟ್‌ಗೆ ಹೋಗ್ತಿದ್ದೆ. ಅಲ್ಲಿ ದಾರ ಕಟ್ಟಿದ ದೊಡ್ಡ ದೊಡ್ಡ ಏಡಿಗಳು ಬುಟ್ಟಿಯಲ್ಲಿ ಒದ್ದೆ ಗೋಣಿಯ ಕೆಳಗೆ ಮಲಗಿರುತ್ವೆ. ನೀರಿಲ್ಲ, ಸಮುದ್ರ ಇಲ್ಲ, ಆದ್ರೂ ಜೀವಂತ. ಬೆರಳು ಹತ್ತಿರ ತಂದ್ರೆ ಕಣ್ಣು ಹೊರಳಿಸ್ತವೆ. ಏಡಿ ಅಂದ್ರೆ ಗಟ್ಟಿ ಪಿಂಡ, ಒಂದು ರಾತ್ರಿ ಬಸ್ಸು ಯಾವ ಲೆಕ್ಕ ಅಂತ ನಾನಂದ್ಕೊಂಡೆ.

ಎಲ್ಲ ಆದ ಮೇಲೆ ಅದೇ ಅಂಗಡಿ ಭಾಯ್ ಹತ್ರ ಕೇಳಿದೆ. ಫೋಟೊ ನೋಡಿ ಅವರಂದ್ರು, "ಎಲ್ಲಾ ಏಡಿ ಒಂದೇನಾ ಬೇಟಾ?" ಮಾರ್ಕೆಟ್ಟಿನದು ಅಳಿವೆಯ ಕೆಸರಲ್ಲಿ ಬೆಳೆಯೋ ಏಡಿ. ನೀರು ಇಳಿದಾಗ ಕೆಸರ ಮೇಲೆ ಇದ್ದು ಅದಕ್ಕೆ ಅಭ್ಯಾಸ. ಕಿವಿರು ಒದ್ದೆ ಇದ್ದರೆ ಗಾಳಿಯಲ್ಲೇ ಉಸಿರಾಡಿಕೊಂಡು ದಿನಗಟ್ಟಲೆ ಇರುತ್ತೆ. ನನ್ನದು ಹಾಗಲ್ಲ.

5/8

ಬೆಳಿಗ್ಗೆ ಮೆಜೆಸ್ಟಿಕ್. ಅಲ್ಲಿಂದ ಪರ್ಪಲ್ ಲೈನ್ ಹತ್ತಿ ಹಲಸೂರಲ್ಲಿ ಇಳಿದೆ. ಬಾಟಲಿ ಬ್ಯಾಗಲ್ಲಿ. ಮಧ್ಯೆ ಒಂದು ಸಲ ತೆಗೆದು ನೋಡೋಣ ಅನ್ನಿಸ್ತು, ನೋಡಲಿಲ್ಲ. ಭಯ ಆಗಿತ್ತೋ ಏನೋ.

ಮನೆಗೆ ಬಂದು ಮುಚ್ಚಳ ತೆಗೆದೆ. ಅಮ್ಮ ಅಡುಗೆಮನೆಯಿಂದಲೇ "ಏನೇ ಅದು ವಾಸನೆ?" ಅಂದ್ರು.

ಎಂಟು ಮರಳ ಮೇಲೆ ಬಿದ್ದಿದ್ವು. ಮರಳೊಳಗಲ್ಲ, ಮೇಲೆ. ಕಾಲು ಮಡಚಿಕೊಂಡಿದ್ವು. ಅದರಲ್ಲಿ ದೊಡ್ಡದು ಒಂದನ್ನ ತಿರುಗಿಸಿದ್ರೆ ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಮುದ್ದೆ. ಏನೋ ರೋಗ ಅಂದ್ಕೊಂಡೆ. ಹತ್ತಿರ ಹಿಡಿದಾಗ ಗೊತ್ತಾಯ್ತು, ಸಾಸಿವೆಗಿಂತ ಸಣ್ಣ ಸಣ್ಣ ಕಾಳು. ಮೊಟ್ಟೆ.

ಒಂಬತ್ತನೆಯದು ಒಂದು ಕಾಲು ಅಲ್ಲಾಡಿಸ್ತು.

ಮುಂದಿನದನ್ನ ನೀವೆಲ್ಲ ನೋಡಿದ್ದೀರಿ. ಬಟ್ಟೆ ನೆನೆಸೋ ನೀಲಿ ಟಬ್. ಪಕ್ಕದ ಬೀದಿಯಲ್ಲಿ ಮನೆ ಕಟ್ತಿದ್ದಾರೆ, ಅಲ್ಲಿಂದ ಒಂದು ಬಕೆಟ್ ಎಂ-ಸ್ಯಾಂಡ್ ತಂದೆ. ಅದು ಮರಳೇ ಅಲ್ಲ, ಬಂಡೆ ಪುಡಿ ಮಾಡಿದ್ದು, ಚೂಪು ಚೂಪು. ನಲ್ಲಿ ನೀರಿಗೆ ಒಂದು ಹಿಡಿ ಅಡುಗೆ ಉಪ್ಪು ಹಾಕಿದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ, ಅದೂ ಬರೀ ಅಡುಗೆ ಉಪ್ಪಲ್ಲ, ಇನ್ನೂ ಎಷ್ಟೋ ಲವಣ. ಅದನ್ನೂ ಆಮೇಲೆ ಓದಿದೆ.

ಆ ಒಂದನ್ನ ಟಬ್ಬಲ್ಲಿ ಬಿಟ್ಟೆ. ಸುಮ್ಮನೆ ಬಿದ್ದಿತ್ತು. ಅಲೆ ಬೇಕೇನೋ ಅಂತ ಮಗ್ಗಿಂದ ನೀರು ಹುಯ್ದೆ. ಅದು ಎದ್ದು ಹಿಂದಕ್ಕೆ ಅಗೆಯೋಕೆ ಶುರು ಮಾಡ್ತು. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಕಿರುಚಿದೆ. ಫೋನ್ ತಗೊಂಡೆ. ಮತ್ತೆ ಹುಯ್ದೆ, ಅರ್ಧ ಇಳೀತು. ಅದೇ ರೀಲ್. ಹದಿನಾಲ್ಕು ಸೆಕೆಂಡ್.

ಮೂರನೇ ಮಗ್ಗಿಗೆ ಅದು ಅಲ್ಲಾಡಲಿಲ್ಲ.

ನಾನು ಅದನ್ನ ಪೋಸ್ಟ್ ಮಾಡಿದ್ದು ಮಧ್ಯಾಹ್ನ. ಗೊತ್ತಿದ್ದೇ ಪೋಸ್ಟ್ ಮಾಡಿದ್ದು.

6/8

ಯಾಕೆ ಸತ್ತವು ಅನ್ನೋ ಲೆಕ್ಕ ಹೇಳ್ತೀನಿ. ಬಯಾಲಜಿ ಅಂತ ಸ್ಕಿಪ್ ಮಾಡಬೇಡಿ.

ಗಾಳಿಯ ಐದನೇ ಒಂದು ಭಾಗ ಆಮ್ಲಜನಕ. ಒಂದು ಲೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 270 ಮಿಲಿಗ್ರಾಂ ಇರುತ್ತೆ. ನಮ್ಮ ಕರಾವಳಿಯ ಬೆಚ್ಚಗಿನ ಸಮುದ್ರದ ನೀರಲ್ಲಿ? ಒಂದು ಲೀಟರಿಗೆ ಬರೀ 6 ಮಿಲಿಗ್ರಾಂ ಆಸುಪಾಸು. ನೀರಿನ ಪ್ರಾಣಿಗಳು ಬದುಕಿರೋದು ಆ ಆರರಲ್ಲಿ. ಅಲೆ ಒಡೆಯೋ ಜಾಗದಲ್ಲಿ ತೊಂದರೆ ಇಲ್ಲ. ಪ್ರತಿ ಅಲೆಯೂ ನೊರೆ ಎಬ್ಬಿಸಿ ಗಾಳಿಯನ್ನ ನೀರಿಗೆ ಬೆರೆಸುತ್ತೆ, ಖರ್ಚಾದಷ್ಟು ಮತ್ತೆ ತುಂಬುತ್ತೆ. ನನ್ನ ಬಾಟಲಿಯಲ್ಲಿ ಅರ್ಧ ಲೀಟರ್ ನೀರು, ಅಂದ್ರೆ 3 ಮಿಲಿಗ್ರಾಂ. ಉಸಿರಾಡೋರು ಒಂಬತ್ತು. ಮುಚ್ಚಳ ಬಿಗಿ. ಒಂದು ಸತ್ತ ಮೇಲೆ ಅದು ಕೊಳೆಯೋಕೂ ಆಮ್ಲಜನಕವೇ ಖರ್ಚು. ಹನ್ನೊಂದು ಗಂಟೆ ದಾರಿ.

ಈ ಲೆಕ್ಕ ಹಾಕುವಾಗ ನನಗೆ ನೆನಪಾಗಿದ್ದು ನಮ್ಮ ಕೆರೆ.

2016ರ ಮಾರ್ಚ್. ನಾನಾಗ ನಾಲ್ಕನೇ ಕ್ಲಾಸ್. ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಿದ್ವು. ಈ ಕಡೆಯೋರಿಗೆ ಆ ವಾಸನೆ ಇನ್ನೂ ನೆನಪಿರುತ್ತೆ. ಕೆರೆಗೆ ಕೊಳಚೆ ನೀರು ಸೇರಿದ್ರೆ ಅದನ್ನ ತಿನ್ನೋ ಬ್ಯಾಕ್ಟೀರಿಯಾ ಹೆಚ್ಚಾಗಿ ನೀರಲ್ಲಿರೋ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕವೂ ಕಡಿಮೆ. ಮೀನಿಗೆ ಉಸಿರು ಸಿಗಲ್ಲ.

ಅಪ್ಪ ಮೂಗಿಗೆ ಕರ್ಚೀಫ್ ಹಿಡ್ಕೊಂಡು ನನ್ನನ್ನ ಕೆರೆ ಪಕ್ಕ ಸ್ಕೂಲಿಗೆ ಕರ್ಕೊಂಡು ಹೋಗ್ತಿದ್ರು. "ಯಾರು ಸಾಯಿಸಿದ್ದು?" ಅಂತ ಕೇಳಿದೆ. "ಯಾರೂ ಸಾಯಿಸಿಲ್ಲ ಕಣಮ್ಮ, ಉಸಿರಾಡೋಕೆ ಆಗಲಿಲ್ಲ ಅಷ್ಟೆ" ಅಂದ್ರು. ನನಗೆ ಸಿಟ್ಟು ಬಂದಿತ್ತು. ಯಾರೋ ಮಾಡಿದ್ದಕ್ಕೇ ಅಲ್ವಾ ಹಾಗಾಗಿದ್ದು ಅಂತ ದಾರಿಪೂರ್ತಿ ಜಗಳ ಆಡಿದ್ದೆ.

ಬಾಟಲಿ ತೊಳೀತಾ ನನಗೂ ಅದೇ ಮಾತು ಬಾಯಿಗೆ ಬಂತು. ಯಾರೂ ಸಾಯಿಸಿಲ್ಲ, ಉಸಿರಾಡೋಕೆ ಆಗಲಿಲ್ಲ ಅಷ್ಟೆ.

7/8

ಆ ಕಿತ್ತಳೆ ಮುದ್ದೆ ನನ್ನ ತಲೆಯಿಂದ ಹೋಗ್ಲೇ ಇಲ್ಲ. ಅದಕ್ಕೆ ಅದರ ಬಗ್ಗೆ ಓದಿದೆ.

ಕಂಟೋನ್ಮೆಂಟ್ ಸ್ಟೇಷನ್ನಲ್ಲಿ ರೈಲು ಹತ್ತಿ, ಕೆ.ಆರ್. ಪುರ ದಾಟಿ ಚೆನ್ನೈಗೆ ಹೋಗ್ತೀವಲ್ಲ, ನಮ್ಮ ಏರಿಯಾದ ಅರ್ಧ ಜನರಿಗೆ ಸಮುದ್ರ ಅಂದ್ರೆ ಅದೇ. ಆ ಕಡಲಲ್ಲಿ ಇದರ ಇನ್ನೊಂದು ಜಾತಿ ಇದೆ, ಎಮೆರಿಟಾ ಏಷಿಯಾಟಿಕಾ. ಮದ್ರಾಸ್ ವಿಶ್ವವಿದ್ಯಾಲಯದ ಟಿ. ಸುಬ್ರಮಣಿಯಂ ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿದ್ರು. 1981ರಲ್ಲಿ ಅವರು ಪ್ರಕಟಿಸಿದ ಲೇಖನದ ವಿಷಯ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಆ ಜಾತಿಯಲ್ಲಿ ಗಂಡುಗಳು ಕೆಲವೇ ಮಿಲಿಮೀಟರ್ ಇರುವಾಗಲೇ ಪ್ರಾಯಕ್ಕೆ ಬಂದುಬಿಡ್ತವೆ, ದೊಡ್ಡ ಹೆಣ್ಣಿನ ಮೈಗೆ ಅಂಟಿಕೊಂಡಿರುತ್ತವೆ. ಬೆಳೀತಾ ಬೆಳೀತಾ ಅವೇ ಹೆಣ್ಣಾಗುತ್ತವೆ. ಹಾಗಾದ್ರೆ ಒಂದು ದಡದಲ್ಲಿ ಎದ್ದು ಕಾಣೋ ದೊಡ್ಡವುಗಳು, ಅಂದ್ರೆ ನಾವು "ಇದು ಚೆನ್ನಾಗಿದೆ" ಅಂತ ಆರಿಸಿಕೊಳ್ಳೋವು, ಹೆಣ್ಣುಗಳು.

ದೊಡ್ಡ ಹೆಣ್ಣು ಒಂದು ಸಲಕ್ಕೆ ಸಾವಿರಾರು ಮೊಟ್ಟೆಯನ್ನ ಹೊಟ್ಟೆಯ ಕೆಳಗೆ ಅಂಟಿಸಿಕೊಂಡು ಓಡಾಡುತ್ತೆ. ಹೊಸ ಮೊಟ್ಟೆ ಗಾಢ ಕಿತ್ತಳೆ ಬಣ್ಣ. ಒಳಗಿನ ಮರಿ ಬೆಳೆದ ಹಾಗೆ ಬಣ್ಣ ಮಾಸುತ್ತೆ. ನನ್ನ ಕೈಯಲ್ಲಿದ್ದದ್ದು ಗಾಢ ಕಿತ್ತಳೆ. ಆಗ ತಾನೇ ಶುರುವಾಗಿತ್ತು.

ಮೊಟ್ಟೆಯಿಂದ ಬಂದ ಮರಿ ತಾಯಿ ಥರ ಇರಲ್ಲ. ಮುಳ್ಳು ಮುಳ್ಳಾದ, ಚುಕ್ಕಿಯಷ್ಟು ಸಣ್ಣ ಜೀವಿ. ವಾರಗಟ್ಟಲೆ, ಕೆಲವು ಜಾತಿಗಳಲ್ಲಿ ತಿಂಗಳುಗಟ್ಟಲೆ, ಸಮುದ್ರದಲ್ಲಿ ತೇಲುತ್ತೆ. ಬಹುಪಾಲು ಮೀನಿನ ಹೊಟ್ಟೆ ಸೇರುತ್ತವೆ. ಉಳಿದ ಕೆಲವು ಯಾವುದೋ ಒಂದು ದಡಕ್ಕೆ ಬಂದು, ಅಲೆ ತಿರುಗೋ ಆ ಗೆರೆ ಹುಡುಕಿ, ಹಿಂದಕ್ಕೆ ಅಗೆಯೋಕೆ ಶುರು ಮಾಡ್ತವೆ. ಆಮೇಲೂ ಹಕ್ಕಿ, ಮೀನು, ಗಾಳ, ಮಳೆಗಾಲದಲ್ಲಿ ದಡದ ಮರಳನ್ನೇ ಕಿತ್ತೊಯ್ಯೋ ಅಲೆ. ಇಷ್ಟೆಲ್ಲ ದಾಟಿ ಬಂದಿದ್ದು ನನ್ನ ಪಾದಕ್ಕೆ ತಾಗಿತ್ತು.

ಒಂಬತ್ತು ಹೋದ್ರೆ ಗೋಕರ್ಣದಲ್ಲಿ ಮರಳೇಡಿ ಮುಗಿದೇ ಹೋಗಲ್ಲ, ನಿಜ. ಆದ್ರೆ ರೀಲ್ ನೋಡಿ ಒಂದು ಕ್ಲಾಸ್ ಬಾಟಲಿ ಹಿಡ್ಕೊಂಡು ಹೊರಟಿತ್ತು. ಅದರ ಮುಂದಿನ ಕ್ಲಾಸ್ ಎಷ್ಟು ಬಾಟಲಿ ಒಯ್ತಿತ್ತೋ.

8/8

ಕೊನೆಯದು. ಗೋಕರ್ಣಕ್ಕೆ ಹೋಗ್ತಿರೋರಿಗೆ, ಮಲ್ಪೆಗೋ ಚೆನ್ನೈಗೋ ಹೋಗೋರಿಗೂ ಇದೇ.

ಮರಳೇಡಿ ನೋಡಬೇಡಿ ಅಂತ ಹೇಳ್ತಿಲ್ಲ. ನೋಡಿ, ಖಂಡಿತ ನೋಡಿ. ಅಲೆ ವಾಪಸ್ ಹೋಗುವಾಗ ಹೊಳೆಯೋ ತೆಳು ನೀರಿನ ಮೇಲೆ ಕಣ್ಣಿಡಿ. ಅಲ್ಲಲ್ಲಿ ಸಣ್ಣ ಸಣ್ಣ ವಿ ಆಕಾರದ ಗೆರೆ ಕಾಣುತ್ತೆ. ನೀರು ಮೀಸೆಗೆ ತಾಗಿ ಎರಡಾಗಿ ಹರಿಯೋ ಗುರುತು ಅದು. ಒಂದು ಕಂಡ್ರೆ ಸುತ್ತಮುತ್ತ ಬಹಳ ಇರುತ್ತವೆ. ಅಲ್ಲೇ ಮಂಡಿಯೂರಿ ಕೂತು ಕಾಯಿರಿ. ಪ್ಯಾಂಟ್ ಒದ್ದೆ ಆಗುತ್ತೆ, ಆಗ್ಲಿ.

ಕೈಗೆತ್ತಿಕೊಂಡ್ರೆ ಮರಳಿನ ಸಮೇತ, ಒದ್ದೆಯಾಗಿಯೇ ಎತ್ತಿ. ಒಣ ಮರಳಿಗೆ ಎಸೀಬೇಡಿ. ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣ ಕಂಡ್ರೆ ತಕ್ಷಣ ಕೆಳಗಿಡಿ. ಇಡೋದು ಮುಂದಿನ ಅಲೆ ಮುಟ್ಟೋ ಜಾಗದಲ್ಲಿ. ವಿಡಿಯೊ ಬೇಕಾದ್ರೆ ಅದು ಮರಳೊಳಗೆ ಇಳಿಯೋ ಎರಡು ಸೆಕೆಂಡ್ ಹಿಡೀರಿ. ಮಂಕಾಗಿ ಬಂದ್ರೂ ಪರವಾಗಿಲ್ಲ. ನನ್ನ ರೀಲ್ ತುಂಬ ಕ್ಲಿಯರ್ ಆಗಿತ್ತು. ಯಾಕೆ ಅಂದ್ರೆ ಅದಕ್ಕೆ ಓಡೋ ಶಕ್ತಿ ಇರಲಿಲ್ಲ.

ಆ ಒಂಬತ್ತನ್ನೂ ಅಮ್ಮನ ಕರಿಬೇವಿನ ಕುಂಡದಲ್ಲಿ ಹೂತಿದ್ದೀನಿ. ಅಮ್ಮನಿಗೆ ಎಲ್ಲ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. "ಆ ಅಜ್ಜ ಹೇಳಿದ್ರಲ್ಲ" ಅಂತ ಅಷ್ಟೇ ಅಂದ್ರು. ಬೈದಿದ್ರೆ ಚೆನ್ನಾಗಿತ್ತು.

ಕಾಮೆಂಟಲ್ಲಿ ಕೇಳಿದ್ರಲ್ಲ ಒಬ್ಬರು, ಈಗ ಅದು ಎಲ್ಲಿದೆ ಅಂತ. ನಿಮ್ಮ ಹೆಸರು ಟ್ಯಾಗ್ ಮಾಡಲ್ಲ. ಉತ್ತರ ಇದು. ತಡವಾಯ್ತು, ಕ್ಷಮಿಸಿ. ನನ್ನನ್ನ ಅನ್‌ಫಾಲೋ ಮಾಡೋರು ಮಾಡಿ, ಬೇಜಾರಿಲ್ಲ. ಆದ್ರೆ ಆ ರೀಲನ್ನ ಯಾರಾದ್ರೂ ಸ್ಟೋರಿಗೆ ಹಾಕ್ಕೊಂಡು ಹೈಲೈಟಲ್ಲಿ ಇಟ್ಟಿದ್ರೆ ದಯವಿಟ್ಟು ತೆಗೀರಿ.

ಜೂನಿಯರ್ ಹುಡುಗಿಗೆ: ಯಾವ ಸೈಜ್ ಬಾಟಲಿ ಅಂತ ಕೇಳಿದ್ದೆಯಲ್ಲ? ಒಂದು ಲೀಟರಿನದು ಸಾಕಮ್ಮ. ಕುಡಿಯೋ ನೀರಿಗೆ.

#ಮರಳೇಡಿ #ಗೋಕರ್ಣ #ಹಲಸೂರು